ಸ್ಟ್ರಕ್ಚರಲ್ ಡ್ರಾಫ್ಟಿಂಗ್ ಕೋರ್ಸ್ ನಾಲ್ಕು ತಿಂಗಳು ಮಾಡಿದೆ, ಹೆಂಗಿತ್ತು ಅಂತ ಪೂರ್ತಿ ಹೇಳ್ತೀನಿ

ಡಿಪ್ಲೊಮಾ ಸಿವಿಲ್ ಮುಗಿಸಿ ಮುಂದೇನು ಅಂತ ಯೋಚನೆ ಮಾಡ್ತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ನಾನು ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದು ಒಂದು ಟ್ರೈನಿಂಗ್ ಸೆಂಟರಲ್ಲಿ ಆರ್‌ಸಿಸಿ ಡ್ರಾಫ್ಟಿಂಗ್ ಅಂಡ್ ಡೀಟೇಲಿಂಗ್ ಕೋರ್ಸ್ ಸೇರ್ಕೊಂಡೆ, ಅಂದ್ರೆ ಕಾಂಕ್ರೀಟ್ ಒಳಗೆ ಕಂಬಿ ಎಲ್ಲೆಲ್ಲಿ ಹೆಂಗೆ ಬರತ್ತೆ ಅಂತ ಡ್ರಾಯಿಂಗಲ್ಲಿ ತೋರಿಸೋ ಕೆಲಸ. ನಾಲ್ಕು ತಿಂಗಳು, 28,000 ರೂಪಾಯಿ ಫೀಸು, ನಮ್ಮಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ಕಟ್ಟಿದ್ದು, ಅದಕ್ಕೇ ಒಂದೊಂದು ಕ್ಲಾಸನ್ನೂ ಲೆಕ್ಕ ಹಾಕಿ ನೋಡಿದೀನಿ. ಸೆಂಟರ್ ಹೆಸರು ಬೇಡ, ಯಾಕಂದ್ರೆ ಒಳ್ಳೇದೂ ಇದೆ ಕೆಟ್ಟದ್ದೂ ಇದೆ, ಮತ್ತೆ ನೀವು ಯಾವ ಊರಲ್ಲಿ ಯಾವ ಸೆಂಟರಿಗೆ ಹೋದ್ರೂ ನೋಡ್ಬೇಕಾಗಿರೋದು ಇದನ್ನೇ. ನನ್ನ ಕಡೆಯಿಂದ ಐದಕ್ಕೆ ಮೂರೂವರೆ.

ಮೊದಲನೇ ತಿಂಗಳು ಬರೀ ಆಟೋಕ್ಯಾಡ್, ಅಂದ್ರೆ ಕಂಪ್ಯೂಟರಲ್ಲಿ ಡ್ರಾಯಿಂಗ್ ಮಾಡೋ ಸಾಫ್ಟ್‌ವೇರ್. ಲೈನ್, ಆಫ್‌ಸೆಟ್, ಟ್ರಿಮ್, ಲೇಯರ್, ಬ್ಲಾಕ್, ಇಷ್ಟೇ. ಇದಕ್ಕೆ ಇಷ್ಟು ದುಡ್ಡು ಕೊಡೋ ಅಗತ್ಯ ಇಲ್ಲ, ಕಾಲೇಜಲ್ಲಿ ಇರುವಾಗ್ಲೇ ಅದನ್ನ ಮಾಡೋ ಆಟೋಡೆಸ್ಕ್ ಕಂಪನಿಯವರ ಸ್ಟೂಡೆಂಟ್ ಲೈಸೆನ್ಸ್ ಫ್ರೀಯಾಗಿ ತಗೊಂಡು ಮನೇಲೇ ಕಲ್ತ್ಕೊಂಡು ಬನ್ನಿ, ವರ್ಷಕ್ಕೊಂದ್ಸಲ ರಿನ್ಯೂ ಮಾಡ್ಕೋಬಹುದು. ನಾನು ಹಂಗೆ ಮಾಡಿದ್ರೆ ಆ ಒಂದು ತಿಂಗಳು ಬೇರೆ ಕೆಲಸಕ್ಕೆ ಸಿಗ್ತಿತ್ತು.

ಎರಡನೇ ತಿಂಗಳಿಂದ ಒಬ್ರು ಸರ್ ಬರೋಕೆ ಶುರು ಮಾಡಿದ್ರು, ತುಂಬಾ ವರ್ಷ ಕನ್ಸಲ್ಟೆನ್ಸಿ ಆಫೀಸಲ್ಲಿ ಡೀಟೇಲಿಂಗ್ ಮಾಡಿ ರಿಟೈರ್ ಆದೋರು, ಟ್ರೇಸಿಂಗ್ ಪೇಪರ್ ಮೇಲೆ ಕೈಯಲ್ಲೇ ಬರೆದ ಕಾಲದೋರು. ಇವರೊಬ್ರಿಗೋಸ್ಕರ ಆ ಕೋರ್ಸ್ ಮಾಡಬಹುದು ಅಂತ ನಾನು ಈಗ್ಲೂ ಹೇಳ್ತೀನಿ. ಸ್ಕ್ರೀನ್ ಮೇಲೆ ಯಾವತ್ತೂ ನೋಡ್ತಿರ್ಲಿಲ್ಲ, ಪ್ರಿಂಟ್ ತಗೊಂಡ್ ಬಾ ಅಂತಿದ್ರು, ಕೆಂಪು ಪೆನ್ ತಗೊಂಡು ಒಂದೊಂದೇ ಕಂಬಿ ಮೇಲೆ ಬೆರಳಿಟ್ಟು ಕೇಳ್ತಿದ್ರು, ಇದು ಎಲ್ಲಿಂದ ಶುರು, ಎಲ್ಲಿ ನಿಲ್ಲತ್ತೆ, ಲ್ಯಾಪ್ (ಎರಡು ಕಂಬಿ ಅಕ್ಕಪಕ್ಕ ಹಾಯ್ದು ಜೋಡಿಯಾಗೋ ಜಾಗ) ಯಾಕೆ ಇಲ್ಲಿ ಕೊಟ್ಟೆ ಅಂತ. ಕಂಬಿ ಬರೋದು 12 ಮೀಟರ್ ಉದ್ದ, ನಾವು ಡ್ರಾಯಿಂಗಲ್ಲಿ 15 ಮೀಟರ್ ಒಂದೇ ಗೆರೆ ಎಳೆದುಬಿಡ್ತೀವಿ, ಅಲ್ಲಿ ಲ್ಯಾಪ್ ಎಲ್ಲಿ ಬರತ್ತೆ ಅಂತ ನಾವು ತೋರಿಸದೇ ಹೋದ್ರೆ ಸೈಟಲ್ಲಿ ಅವರಿಗೆ ಅನುಕೂಲ ಆದ ಕಡೆ ಹಾಕ್ತಾರೆ. ಬೀಮಿನ ಕೆಳಗಿನ ಕಂಬಿಗೆ ಸ್ಪ್ಯಾನ್ (ಎರಡು ಆಧಾರದ ನಡುವಿನ ಉದ್ದ) ಮಧ್ಯದಲ್ಲಿ ಲ್ಯಾಪ್ ಕೊಡಬಾರದು ಅಂತ ಡಿಪ್ಲೊಮಾದಲ್ಲೇ ಓದಿದ್ದೆ, ಆದ್ರೆ ಅದು ಡ್ರಾಫ್ಟರ್ ಕೈಯಲ್ಲಿ ಇರೋ ವಿಷಯ ಅಂತ ಗೊತ್ತಾಗಿದ್ದು ಅಲ್ಲೇ.

ಒಂದಿನ ಬೈಂಡಿಂಗ್ ವೈರ್ ತಂದು ಎಲ್ರ ಕೈಗೂ ಒಂದೊಂದು ತುಂಡು ಕೊಟ್ಟು ರಿಂಗ್ ಮಾಡ್ರಪ್ಪಾ ಅಂದ್ರು. 230 ಬೈ 450 ಎಂಎಂ ಬೀಮು, ಕವರ್ (ಕಂಬಿ ಹೊರಗಿರೋ ಕಾಂಕ್ರೀಟ್ ಪದರ) 25, ಉದ್ದ ಕಂಬಿಗಳನ್ನ ಸುತ್ತಿ ಹಿಡಿಯೋ 8 ಎಂಎಂ ರಿಂಗು. ಹೊರಗಿನ ಅಳತೆ 180 ಬೈ 400, ಸುತ್ತಳತೆ 1160 ಬರತ್ತೆ, ನಾನು ಬಿಬಿಎಸ್‌ನಲ್ಲಿ (ಕಂಬಿಗಳ ಅಳತೆ, ತೂಕದ ಪಟ್ಟಿ) ಕಟಿಂಗ್ ಲೆಂತ್ ಅಂತ ಅಷ್ಟನ್ನೇ ಹಾಕಿದ್ದೆ. ವೈರನ್ನ ಸ್ಕೇಲಿಗೆ ಇಳಿಸಿ ಅಳತೆ ತಗೊಂಡು ಬೆಂಡ್ ಮಾಡಿದ್ರೆ ಹುಕ್ಕಿಗೆ ತಂತಿನೇ ಉಳೀಲಿಲ್ಲ, ಎರಡು ತುದಿ ಮುಖಾಮುಖಿ ನಿಂತಿತ್ತು. ಸರ್ ಏನೂ ಬೈಲಿಲ್ಲ, ಪಕ್ಕದಲ್ಲಿ ಕೂತು ಲೆಕ್ಕ ಬರೆದು ತೋರಿಸಿದ್ರು: ಎರಡು ಹುಕ್ಕಿಗೆ ಹತ್ತತ್ತು ಡಯಾ (ಕಂಬಿ ದಪ್ಪದ ಹತ್ತು ಪಟ್ಟು) ಅಂದ್ರೆ 160 ಸೇರಿಸು, 90 ಡಿಗ್ರಿ ಬೆಂಡ್ ಮೂರಕ್ಕೆ ಎರಡೆರಡು ಡಯಾ, 135 ಡಿಗ್ರಿ ಎರಡಕ್ಕೆ ಮೂರ್ಮೂರು ಡಯಾ, ಒಟ್ಟು 96 ಕಳಿ, 1224 ಬರತ್ತೆ. ಆ ವೈರ್ ರಿಂಗ್ ಈಗ್ಲೂ ನನ್ ಹತ್ರ ಇದೆ. ಕಂಬಿ ತೂಕಕ್ಕೆ ಡಯಾ ಸ್ಕ್ವೇರ್ ಬೈ 162 ಎಲ್ರಿಗೂ ಬಾಯಿಪಾಠ ಇರತ್ತೆ, 8 ಎಂಎಂಗೆ ಮೀಟರಿಗೆ 0.395 ಕೆಜಿ, ಆದ್ರೆ ಉದ್ದನೇ ತಪ್ಪಾದ್ರೆ ತೂಕ ಸರಿ ಬಂದು ಏನು ಪ್ರಯೋಜನ.

ಮೂರನೇ ತಿಂಗಳು ಸೈಟ್ ವಿಸಿಟ್. ಬ್ರೋಷರಲ್ಲಿ ನಾಲ್ಕು ಸಲ ಅಂತ ಹಾಕಿದ್ರು, ಕರ್ಕೊಂಡು ಹೋಗಿದ್ದು ಒಂದೇ ಸಲ, ಅದೂ ಸರ್ ಗಲಾಟೆ ಮಾಡಿದ್ಮೇಲೆ. ಆದ್ರೆ ಆ ಒಂದು ದಿನ ನಾನು ಮರೆಯಲ್ಲ. ಸರ್ ನಮ್ಮದೇ ಪ್ರಾಕ್ಟೀಸ್ ಡ್ರಾಯಿಂಗ್‌ಗಳನ್ನ ಸುತ್ಕೊಂಡು ಬಂದಿದ್ರು, ಅಲ್ಲಿ ಕಂಬಿ ಕಟ್ಟಿಸ್ತಿದ್ದ ರಾಯಚೂರು ಕಡೆ ಮೇಸ್ತ್ರಿ ಕೈಗೆ ಕೊಟ್ಟು ಇದನ್ನ ಕಟ್ತೀರಾ ನೋಡಿ ಅಂದ್ರು. ನನ್ನ ಶೀಟಲ್ಲಿ 230 ಅಗಲದ ಬೀಮಿಗೆ ಕೆಳಗಡೆ 20 ಎಂಎಂ ಐದು ಕಂಬಿ ಒಂದೇ ಸಾಲಲ್ಲಿ ಇತ್ತು. ಅವರು ಎರಡು ನಿಮಿಷ ನೋಡಿ, "ಇಷ್ಟು ಕಂಬಿ ಹ್ಯಾಂಗ ಕುಂದರ್ತಾವ್ರಿ ಸರ, ಜಲ್ಲಿ ಕೆಳಗ ಇಳಿಯಾಕ ಜಾಗಾನ ಇಲ್ಲ" ಅಂದ್ರು. ನಿಂತಲ್ಲೇ ಲೆಕ್ಕ ಹಾಕಿದೆ, ಕವರ್ ರಿಂಗ್ ಎಲ್ಲಾ ಕಳೆದು ಉಳಿಯೋದು 164, ಐದು ಕಂಬಿಗೆ 100 ಹೋಯ್ತು, ಉಳಿದ 64ರಲ್ಲಿ ನಾಲ್ಕು ಸಂದಿ, ಅಂದ್ರೆ ಸಂದಿಗೆ 16 ಎಂಎಂ. ಅಲ್ಲಿ ಬಿದ್ದಿದ್ದ ಜಲ್ಲಿ 20 ಎಂಎಂದು. ಐಎಸ್ 456 (ಕಾಂಕ್ರೀಟ್ ಕೆಲಸಕ್ಕಿರೋ ಭಾರತದ ಕೋಡ್) ಪ್ರಕಾರ ಜಲ್ಲಿ ಸೈಜ್ ಮೇಲೆ ಇನ್ನೂ 5 ಎಂಎಂ ಜಾಗ ಬೇಕು, ಅಂದ್ರೆ 25. ಮೂರು ಕೆಳಗೆ ಎರಡು ಮೇಲೆ ಅಂತ ಎರಡು ಸಾಲು ಮಾಡಿ ತೋರಿಸ್ಬೇಕಿತ್ತು. ಇಂಜಿನಿಯರ್ ಸ್ಕೆಚ್ಚಲ್ಲಿ 5-20 ಅಂತಷ್ಟೇ ಬರೆದಿರ್ತಾರೆ, ಅದು ಕೂರತ್ತೋ ಇಲ್ವೋ ಅಂತ ಬರೆಯುವಾಗ್ಲೇ ನೋಡಿ ಅವರಿಗೆ ತಿರುಗಿ ಕೇಳೋದು ನಮ್ಮ ಕೆಲಸ. ಡ್ರಾಫ್ಟರ್ ಅಂದ್ರೆ ಗೆರೆ ಎಳೆಯೋನು ಅಷ್ಟೇ ಅನ್ಕೊಂಡು ಬರೋರಿಗೆ ಇದನ್ನ ಯಾರಾದ್ರೂ ಮೊದಲನೇ ದಿನವೇ ಹೇಳ್ಬೇಕು.

ಈಗ ಬೇಜಾರಾದ ವಿಷಯ. ರೆವಿಟ್ ಮತ್ತೆ ಟೆಕ್ಲಾ ಅನ್ನೋ 3ಡಿ ಮಾಡೆಲಿಂಗ್ ಸಾಫ್ಟ್‌ವೇರ್ ಎರಡೂ ಕಲಿಸ್ತೀವಿ ಅಂದಿದ್ರು, ರೆವಿಟ್ ಎರಡು ವಾರ ಓಡ್ತು, ಟೆಕ್ಲಾ ಶುರುನೇ ಆಗ್ಲಿಲ್ಲ. 100% ಪ್ಲೇಸ್‌ಮೆಂಟ್ ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದಿತ್ತು, ಕೋರ್ಸ್ ಮುಗಿದ್ಮೇಲೆ ಕಳಿಸಿದ್ದು ಎರಡು ಕಡೆ, ಒಂದು ಕಡೆ ಇಂಟೀರಿಯರ್ ಅಂಗಡಿ, ಇನ್ನೊಂದು ಕಡೆ ಆರು ತಿಂಗಳು ಸಂಬಳ ಇಲ್ದೆ ಬಾ ಅಂದ್ರು. ಫೋನ್ ಮಾಡಿದ್ರೆ ನೋಡೋಣ ಸರ್ ನೋಡೋಣ ಸರ್ ಅಂತಾರೆ. ಊರಿಂದ ಬಂದು ಪಿಜಿ ಬಾಡಿಗೆ ಕಟ್ಕೊಂಡು ಕಾಯ್ತಿರೋ ಹುಡುಗ ಹುಡುಗಿಯರಿಗೆ ಹಿಂಗೆ ಮಾಡೋದು ತಪ್ಪು, ಕೊನೆಗೆ ಕೆಲಸ ಕೊಡ್ಸೋಕೆ ಆಗಲ್ಲ ಅಂದ್ರೆ ಮೊದಲೇ ಹೇಳ್ಬಿಡಿ, ಅಷ್ಟೇ ಸಾಕು. ಒಂದೂವರೆ ಸ್ಟಾರ್ ಕಟ್ ಮಾಡಿರೋದು ಇದಕ್ಕೇ.

ಕೆಲಸ ಸಿಕ್ಕಿದ್ದು ನಾನೇ ಹುಡುಕಿದ್ಮೇಲೆ. ಸಣ್ಣ ಕನ್ಸಲ್ಟೆನ್ಸಿ ಆಫೀಸು, ಶುರುವಿಗೆ 16,000 ಸಂಬಳ. ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟ್ ಕೇಳ್ಲೇ ಇಲ್ಲ, ಕೈಯಲ್ಲಿ ಬರೆದ ಒಂದು ಫೂಟಿಂಗ್ ಮತ್ತೆ ಕಾಲಮ್ ಸ್ಕೆಚ್ ಕೊಟ್ಟು ಎರಡು ಗಂಟೆ ಟೈಮ್ ಕೊಟ್ರು. ಫೂಟಿಂಗ್ ಕವರ್ 50, ಕಾಲಮ್ ಕವರ್ 40 ಅಂತ ನೋಟ್ಸಲ್ಲಿ ಹಾಕಿದೆ, ಸ್ಕೆಚ್ಚಲ್ಲಿ ಕಾಲಮ್ ರಿಂಗ್ ಸ್ಪೇಸಿಂಗ್ ಬರೆದಿರ್ಲಿಲ್ಲ, ಹೋಗಿ ಕೇಳಿದೆ. ಹಂಗೆ ಎದ್ದು ಬಂದು ಕೇಳಿದ್ದಕ್ಕೇ ತಗೊಂಡಿದ್ದು ಅಂತ ಆಮೇಲೆ ಆಫೀಸಲ್ಲಿ ಮೇಡಂ ಹೇಳಿದ್ರು.

ಸೇರೋಕೆ ಮುಂಚೆ ಡೆಮೋ ಕ್ಲಾಸಿಗೆ ಖಂಡಿತ ಹೋಗಿ, ಎಸಿ ರೂಮು ಹೊಸ ಕಂಪ್ಯೂಟರ್ ನೋಡ್ಕೊಂಡು ಫೀಸ್ ಕಟ್ಬೇಡಿ. ಹಳೇ ಬ್ಯಾಚಿನವರು ತೆಗೆದ ಪ್ರಿಂಟ್ ತೋರ್ಸಿ ಅಂತ ಕೇಳಿ, ಅದ್ರ ಮೇಲೆ ಯಾರಾದ್ರೂ ಕೆಂಪು ಪೆನ್ನಲ್ಲಿ ತಿದ್ದಿದಾರಾ ನೋಡಿ.