36 ಅಡಿಯ ಟ್ರಾಲರ್ ಬೋಟಿನಲ್ಲಿ ಸ್ಟಾರ್‌ಲಿಂಕ್ ಮಿನಿ, ಟೆಲ್ಟೋನಿಕಾ ರೂಟರ್ ಮತ್ತು ಹೊಸ ವೈರಿಂಗ್: ದೀರ್ಘ ಬಳಕೆಯ ವಿಮರ್ಶೆ

ಬೋಟು ಎಂಬತ್ತರ ದಶಕದ್ದು. ಫೈಬರ್‌ಗ್ಲಾಸ್ ಮೈ, ಒಂಟಿ ಡೀಸೆಲ್ ಎಂಜಿನ್, 12 ವೋಲ್ಟ್ ವ್ಯವಸ್ಥೆ, ಸೀಸದ ಬ್ಯಾಟರಿಗಳು. ಓಡಾಟ ಸಿಯಾಟಲ್ ಬದಿಯ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಒಳಚಾಚಿನಿಂದ ಸ್ಯಾನ್ ವಾನ್ ದ್ವೀಪಗಳು, ಅಲ್ಲಿಂದ ಮೇಲೆ ಕೆನಡಾದ ಡೆಸೊಲೇಶನ್ ಸೌಂಡ್‌ವರೆಗೆ. ಮೇಲೆ ಉಪಗ್ರಹದಿಂದ ಇಂಟರ್ನೆಟ್ ತರುವ ಸ್ಟಾರ್‌ಲಿಂಕ್ ಮಿನಿ ಡಿಶ್, ಒಳಗೆ ಮೊಬೈಲ್ ಸಿಮ್ ಕೂಡ ಹಾಕಬಹುದಾದ ಟೆಲ್ಟೋನಿಕಾ ಆರ್‌ಯುಟಿಎಕ್ಸ್11 ರೂಟರ್. ಬಿಸಿಲು, ಉಪ್ಪುಗಾಳಿ, ಇಲ್ಲಿನ ಬಿಡದ ಚಳಿಗಾಲದ ಮಳೆ ಎಲ್ಲ ಕಂಡಾದ ಮೇಲೆ ಬರೆಯುತ್ತಿರುವುದು ಇದು. ಡಿಶ್‌ಗೆ ಐದರಲ್ಲಿ ನಾಲ್ಕೂವರೆ, ರೂಟರ್‌ಗೆ ನಾಲ್ಕು. ಆದರೆ ಈ ಅಂಕಗಳು ಸಿಗುವುದು ವೈರಿಂಗ್ ಸರಿಯಿದ್ದರೆ ಮಾತ್ರ. ಇದೇ ಎರಡು ಪೆಟ್ಟಿಗೆ ತಂದು ಹಳೇ ವೈರಿಗೆ ಸಿಕ್ಕಿಸಿದರೆ ಎರಡು ಅಂಕವೂ ಬರುವುದಿಲ್ಲ. ಹಾಗಾಗಿ ಇಲ್ಲಿ ಮುಕ್ಕಾಲು ಪಾಲು ತಾಮ್ರದ ಮಾತೇ ಇದೆ.

ಮಿನಿ ಡಿಶ್ 12ರಿಂದ 48 ವೋಲ್ಟ್ ಡಿಸಿ ತೆಗೆದುಕೊಳ್ಳುತ್ತದೆ. ಇದನ್ನು ಓದಿದ ಕೂಡಲೇ ಎಲ್ಲರಿಗೂ ಹೊಳೆಯುವುದು ಒಂದೇ: ಬೋಟಿನಲ್ಲೂ 12 ವೋಲ್ಟ್ ಇದೆ, ನೇರ ಕೊಟ್ಟರಾಯಿತು. ಮರೀನಾದಲ್ಲಿ ಚಾರ್ಜರ್ ಓಡುತ್ತಿರುವಾಗ ಬ್ಯಾಟರಿ 13.6 ವೋಲ್ಟ್‌ನಲ್ಲಿರುತ್ತದೆ, ಏನೂ ತೊಂದರೆ ಕಾಣುವುದಿಲ್ಲ. ಲಂಗರು ಹಾಕಿ ಒಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಡಿಶ್ ತಾನೇ ಆರಿ ತಾನೇ ಏಳಲು ಶುರು. ಜನ ಉಪಗ್ರಹವನ್ನು ಬೈಯುತ್ತಾರೆ. ತಪ್ಪು ಉಪಗ್ರಹದ್ದಲ್ಲ.

ಲೆಕ್ಕ ನೋಡಿ. ಫ್ಯೂಸ್ ಬ್ಲಾಕ್‌ನಿಂದ ಫ್ಲೈಬ್ರಿಜ್ (ಮಾಳಿಗೆಯಲ್ಲಿರುವ ತೆರೆದ ಚಾಲನೆಯ ಜಾಗ) ಮೇಲಿನ ಡಿಶ್‌ವರೆಗೆ 9 ಮೀಟರ್ ದಾರಿ ಅಂದರೆ ಹೋಗಿ ಬರಲು 18 ಮೀಟರ್ ತಾಮ್ರ. 16 ಗೇಜ್ ವೈರಿನ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ) ರೋಧ ಮೀಟರಿಗೆ ಸುಮಾರು 13 ಮಿಲಿಓಮ್, ಒಟ್ಟು 0.24 ಓಮ್. ಡಿಶ್ ಸಾಮಾನ್ಯವಾಗಿ 25ರಿಂದ 40 ವಾಟ್ ತಿಂದರೂ ಶುರುವಾಗುವಾಗ 60 ವಾಟ್ ಹತ್ತಿರ ಕೇಳಬಹುದು. 12 ವೋಲ್ಟ್‌ನಲ್ಲಿ ಅದು 5 ಆಂಪಿಯರ್. ದಾರಿಯಲ್ಲೇ 1.2 ವೋಲ್ಟ್ ಹೋಯಿತು. ಬ್ಯಾಟರಿ 12.2ರಲ್ಲಿದ್ದರೆ ಡಿಶ್‌ಗೆ ಮುಟ್ಟುವುದು 11. ಅದು ಎಚ್ಚರವಾಗಲು ಹೋಗಿ, ವೋಲ್ಟೇಜ್ ಕುಸಿದು, ಆರಿ, ಮತ್ತೆ ಎಚ್ಚರವಾಗಲು ಹೋಗುತ್ತದೆ. 14 ಗೇಜ್ ಹಾಕಿದರೂ ಸುಮಾರು 11.5. ಲಂಗರು ಎತ್ತುವ ವಿಂಡ್ಲಾಸ್ ಅದೇ ಬ್ಯಾಟರಿಯ ಮೇಲಿದ್ದರೆ ಕೇಳಲೇಬೇಡಿ.

ದಪ್ಪ ವೈರ್ ಎಳೆಯುತ್ತಾ ಹೋಗುವುದಕ್ಕಿಂತ ವೋಲ್ಟೇಜ್ ಏರಿಸುವುದು ಸರಿಯಾದ ದಾರಿ. ಫ್ಯೂಸ್ ಬ್ಲಾಕ್ ಪಕ್ಕದಲ್ಲೇ 12ರಿಂದ 24 ವೋಲ್ಟ್‌ಗೆ ಏರಿಸುವ ಕನ್ವರ್ಟರ್ ಕೂರಿಸಿ, ಅಲ್ಲಿಂದ ಮೇಲಕ್ಕೆ 24 ವೋಲ್ಟ್ ಕಳಿಸಬೇಕು. ಅದೇ 14 ಗೇಜ್ ವೈರಿನಲ್ಲಿ ಈಗ 2.5 ಆಂಪಿಯರ್ ಮಾತ್ರ, ಇಳಿಕೆ 0.37 ವೋಲ್ಟ್, ಅಂದರೆ ಶೇ. 1.5. ನಮ್ಮಲ್ಲಿರುವುದು ವಿಕ್ಟ್ರಾನ್ ಓರಿಯನ್‌ನ 120 ವಾಟ್ ಮಾದರಿ. ಇನ್‌ಪುಟ್ ವೋಲ್ಟೇಜ್ ತುಸು ಬಿದ್ದರೂ ಔಟ್‌ಪುಟ್ 24 ಬಿಟ್ಟು ಅಲುಗಾಡುವುದಿಲ್ಲ, ಬೆಲೆ ಇರುವುದೇ ಅದಕ್ಕೆ. ಇನ್‌ಪುಟ್ ಕಡೆ 10 ಆಂಪಿಯರ್ ಫ್ಯೂಸ್, ಔಟ್‌ಪುಟ್ ಕಡೆ 5 ಆಂಪಿಯರ್ ಫ್ಯೂಸ್. ಕನ್ವರ್ಟರ್ ಶೇ. 10-12ರಷ್ಟನ್ನು ಶಾಖವಾಗಿ ಬಿಡುತ್ತದೆ, ಆದ್ದರಿಂದ ಬಟ್ಟೆ, ಲೈಫ್ ಜಾಕೆಟ್ ತುರುಕುವ ಕಪಾಟಿನೊಳಗೆ ಬೇಡ. ಡಿಶ್ ಜೊತೆ ಬರುವ ಅಡಾಪ್ಟರ್ ಎಸಿಗೆ ಮಾಡಿದ್ದು. ಅದನ್ನು ಬಳಸಲು ಇನ್ವರ್ಟರ್ ಹಗಲೂ ರಾತ್ರಿ ಓಡಬೇಕು, ಮತ್ತೆ ಅಲ್ಲೊಂದಿಷ್ಟು ಸೋರಿಕೆ.

ಡಿಶ್ ತುದಿಯ ಪ್ಲಗ್ ಬಗ್ಗೆ ಒಂದು ಮಾತು. ಸೈಜು 5.5×2.1 ಮಿಲಿಮೀಟರ್. 5.5×2.5ರದ್ದೂ ಒಳಗೆ ಹೋಗುತ್ತದೆ, ಆದರೆ ನಡುವಿನ ಪಿನ್ ಸಡಿಲವಾಗಿ, ಅಲೆಗೆ ಬೋಟು ಕುಲುಕಿದಾಗಲೆಲ್ಲ ಕರೆಂಟ್ ಹೋಗಿ ಬರುತ್ತದೆ. ಡಿಶ್‌ನ ಐಪಿ67 ರಕ್ಷಣೆ, ಅಂದರೆ ನೀರು ಧೂಳು ಒಳಹೋಗದ ಭರವಸೆ, ಅದರದೇ ಕೇಬಲ್ ಮತ್ತು ಈಥರ್ನೆಟ್ ಕಿಂಡಿಯ ಮುಚ್ಚಳ ಸರಿಯಾಗಿ ಕೂತಿದ್ದರೆ ಮಾತ್ರ. ಹಾಗಾಗಿ ಅಂಗಡಿಯ ಬೇರೆ ಪ್ಲಗ್ ಹಾಕುವುದಕ್ಕಿಂತ ಮೂಲ ಕೇಬಲ್ಲಿನ ಡಿಶ್ ಕಡೆಯ ತುದಿಯನ್ನು ಬೇಕಾದಷ್ಟು ಉದ್ದ ಉಳಿಸಿಕೊಂಡು ಕತ್ತರಿಸಿ, ಮಳೆ ತಾಗದ ಒಳಜಾಗದಲ್ಲಿ 14 ಗೇಜ್ ವೈರಿಗೆ ಸೇರಿಸುವುದು ಮೇಲು.

ಇನ್ನು ವೈರ್ ಎಳೆಯುವ ಕೆಲಸ. ಅಮೆರಿಕದಲ್ಲಿ ಇದಕ್ಕೆ ಬೋಟುಗಳಿಗೆ ಸುರಕ್ಷತಾ ನಿಯಮ ರೂಪಿಸುವ ಎಬಿವೈಸಿ ಸಂಸ್ಥೆಯ ಇ-11 ಮಾನದಂಡವನ್ನು ಎಲ್ಲರೂ ನೋಡುತ್ತಾರೆ. ವಿಮೆಗಾಗಿ ಬೋಟು ಪರೀಕ್ಷಿಸುವವರು ಕೇಳುವುದೂ ಅದನ್ನೇ. ಎಳೆ ಎಳೆಯಾದ ತಾಮ್ರವೇ ಆಗಬೇಕು, ಮನೆಗೆ ಹಾಕುವ ಒಂಟಿಕಡ್ಡಿ ವೈರ್ ಕಂಪನಕ್ಕೆ ಮುರಿಯುತ್ತದೆ. ವಿದ್ಯುತ್ ಮೂಲದಿಂದ 7 ಇಂಚಿನೊಳಗೆ ಫ್ಯೂಸ್ ಇರಬೇಕು. ನೇರ ಬ್ಯಾಟರಿ ಟರ್ಮಿನಲ್‌ನಿಂದ ಹೊರಟ ವೈರಿಗೆ ಪೂರ್ತಿ ಕವಚವಿದ್ದರೆ 72 ಇಂಚಿನವರೆಗೆ ರಿಯಾಯಿತಿ. ಪ್ರತಿ 18 ಇಂಚಿಗೊಂದು ಆಧಾರ. ಒಂದು ಟರ್ಮಿನಲ್ ಬೋಲ್ಟಿನ ಮೇಲೆ ನಾಲ್ಕಕ್ಕಿಂತ ಹೆಚ್ಚು ಲಗ್ (ವೈರ್ ತುದಿಯ ಲೋಹದ ಬಳೆ) ಕೂಡದು. ಡಿಸಿ ನೆಗೆಟಿವ್‌ಗೆ ಕಪ್ಪು ವೈರ್ ಹಾಕಲು ಅವಕಾಶವಿದ್ದರೂ ಹಳದಿಯನ್ನೇ ಹಾಕಿ. ಅಮೆರಿಕದ ಎಸಿ ವೈರಿಂಗ್‌ನಲ್ಲಿ ಕಪ್ಪು ಎಂದರೆ ಫೇಸ್. ಎರಡೂ ಇರುವ ಬೋಟಿನಲ್ಲಿ ಕತ್ತಲಲ್ಲಿ ಕೈ ಹಾಕುವವರ ಜೀವದ ಪ್ರಶ್ನೆ ಅದು.

ವೈರ್ ತವರ ಲೇಪಿತವಾಗಿರಲಿ. ಬರಿ ತಾಮ್ರಕ್ಕೆ ಉಪ್ಪುಗಾಳಿ ಸೋಕಿದರೆ ಕಿಲುಬು ತುದಿಯಲ್ಲಷ್ಟೇ ನಿಲ್ಲುವುದಿಲ್ಲ, ಎಳೆಗಳ ಸಂದಿನಲ್ಲಿ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಹಳೇ ವೈರಿನ ತುದಿ ಸುಲಿದು ನೋಡಿ. ಎಳೆಗಳು ಕಪ್ಪಾಗಿದ್ದರೆ ಒಂದು ಗೇಣು ಹಿಂದೆ ಕತ್ತರಿಸಿ ಮತ್ತೆ ಸುಲಿಯಿರಿ. ಅಲ್ಲೂ ಕಪ್ಪಿದ್ದರೆ ಆ ವೈರಿನ ಕಥೆ ಮುಗಿಯಿತು, ಪೂರ್ತಿ ತೆಗೆಯಿರಿ. ಜೋಡಣೆಗೆ ಟರ್ಮಿನಲ್ಲನ್ನು ವೈರಿನ ಮೇಲೆ ಒತ್ತಿ ಬಿಗಿಯುವ ರ‍್ಯಾಚೆಟ್ ಕ್ರಿಂಪರ್, ಮೇಲೆ ಬಿಸಿಗೆ ಕುಗ್ಗಿ ಹಿಡಿಯುವ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ. ಬೆಸುಗೆಯೊಂದನ್ನೇ ನಂಬುವ ಜಾಯಿಂಟ್ ಬೋಟಿನಲ್ಲಿ ಸಲ್ಲದು, ಬೆಸುಗೆ ಮುಗಿಯುವ ಅಂಚಿನಲ್ಲಿ ವೈರ್ ಗಡುಸಾಗಿ ಅಲ್ಲೇ ತುಂಡಾಗುತ್ತದೆ. ಕ್ರಿಂಪ್ ಆದ ಮೇಲೆ ಕೈಯಲ್ಲಿ ಜಗ್ಗಿ ನೋಡುವುದಕ್ಕೆ ಸಂಕೋಚ ಬೇಡ. ಕಳಚಿಕೊಳ್ಳುವುದಾದರೆ ಈಗಲೇ ಕಳಚಿಕೊಳ್ಳಲಿ.

ಮೇಲಿಂದ ಕೆಳಕ್ಕೆ 25 ಮಿಲಿಮೀಟರ್ ಪೈಪ್ ಒಂದನ್ನು ಶಾಶ್ವತವಾಗಿ ಕೂರಿಸುವುದು ಈ ಕೆಲಸದಲ್ಲಿ ಅತಿ ಬೇಜಾರಿನ ಭಾಗ, ಅತಿ ಲಾಭದ ಭಾಗವೂ ಅದೇ. ವೈರ್ ಎಳೆಯುವ ಸ್ಪ್ರಿಂಗ್ ತೂರಿಸಿ, ವೈರಿನ ಜೊತೆಗೆ ಒಂದು ನೈಲಾನ್ ದಾರವನ್ನೂ ಎಳೆದು ಅಲ್ಲೇ ಬಿಡಿ. ಮುಂದಿನ ಕೇಬಲ್ಲಿಗೆ ಅದೇ ದಾರ. ಈಥರ್ನೆಟ್ ತುದಿಯ ಆರ್‌ಜೆ45 ತಲೆ ಗ್ಲ್ಯಾಂಡ್ (ಕೇಬಲ್ ಒಳಬರುವಲ್ಲಿ ನೀರು ತಡೆಯುವ ಬಿರಡೆ) ತೂತಿಗಿಂತ ದಪ್ಪ, ಹಾಗಾಗಿ ಕೇಬಲ್ ತೂರಿಸಿದ ಮೇಲೆ ತಲೆ ಹಾಕಬೇಕು. ಈಥರ್ನೆಟ್ ಕೇಬಲ್ ಕೊಳ್ಳುವಾಗ ಒಳಗಿರುವುದು ಅಚ್ಚ ತಾಮ್ರವೋ, ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದೋ ನೋಡಿ. ಎರಡನೆಯದು ಅರ್ಧ ಬೆಲೆಗೆ ಸಿಗುತ್ತದೆ. ಸಮುದ್ರದ ಗಾಳಿಯಲ್ಲಿ ಅದು ಪುಡಿಯಾಗುತ್ತದೆ. ಎಂಜಿನ್ ಕೋಣೆಯ ಮೂಲಕ ಹಾಯುವ ವೈರ್ 105 ಡಿಗ್ರಿ ತಡೆಯುವ ಹೊದಿಕೆಯದ್ದಾಗಿದ್ದರೂ ಅದರ ಆಂಪಿಯರ್ ಸಾಮರ್ಥ್ಯವನ್ನು 0.85ರಿಂದ ಗುಣಿಸಿಯೇ ಲೆಕ್ಕ ಹಾಕಬೇಕು. ನೀರು ಹಾಯುವ ಎಕ್ಸಾಸ್ಟ್‌ನಿಂದ 2 ಇಂಚು, ಒಣ ಎಕ್ಸಾಸ್ಟ್‌ನಿಂದ 9 ಇಂಚು ದೂರ. ಪೆಟ್ರೋಲ್ ಎಂಜಿನ್‌ನ ಬೋಟಾದರೆ ಕಿಡಿಯಿಂದ ಬೆಂಕಿ ಹತ್ತದಂತೆ ಪ್ರಮಾಣಿತವಾಗದ ಕನ್ವರ್ಟರ್, ಸ್ವಿಚ್ ಯಾವುದನ್ನೂ ಎಂಜಿನ್ ಅಥವಾ ಟ್ಯಾಂಕಿನ ಜಾಗದಲ್ಲಿ ಇಡಲೇಬಾರದು.

ಮಾಳಿಗೆಯಲ್ಲಿ ತೂತು ಕೊರೆಯುವವರು ಇದನ್ನು ಎರಡು ಸಲ ಓದಿ. ಫೈಬರ್‌ಗ್ಲಾಸ್ ಪದರಗಳ ನಡುವೆ ಹೆಚ್ಚಾಗಿ ಬಾಲ್ಸಾ ಮರ ಅಥವಾ ಪ್ಲೈವುಡ್ ಇರುತ್ತದೆ. ಗ್ಲ್ಯಾಂಡ್‌ಗೆ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಸುತ್ತಲಿನ ಮರವನ್ನು ಕೆರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆಯಬೇಕು. ಬರೀ ಸೀಲೆಂಟ್ ಬಳಿದು ಬಿಟ್ಟರೆ ನೀರು ಮರಕ್ಕಿಳಿದು ಕಾಲಿಟ್ಟ ಕಡೆ ಮಾಳಿಗೆ ಮೆತ್ತಗಾಗುತ್ತದೆ. ಆ ರಿಪೇರಿಯ ಮುಂದೆ ಡಿಶ್ ಬೆಲೆ ಏನೂ ಅಲ್ಲ. ಗ್ಲ್ಯಾಂಡ್‌ಗೆ ಮೊದಲು ಕೇಬಲ್ಲನ್ನು ಒಮ್ಮೆ ಕೆಳಗೆ ಬಾಗಿಸಿ ಮೇಲೆ ತನ್ನಿ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಲಿ.

ಇಂಟರ್ನೆಟ್ ಬಂತೆಂದು ವಿಎಚ್‌ಎಫ್ ರೇಡಿಯೋ ಕಿವುಡಾದರೆ ಪ್ರಯೋಜನವಿಲ್ಲ. ಕಳಪೆ ಕನ್ವರ್ಟರ್‌ಗಳು 156.8 ಮೆಗಾಹರ್ಟ್ಸ್‌ನ ಚಾನೆಲ್ 16ರ ಮೇಲೂ, ಹಡಗುಗಳು ತಮ್ಮ ಜಾಗ ತಿಳಿಸುವ, 162ರ ಆಸುಪಾಸಿನ ಎಐಎಸ್ ಮೇಲೂ ಗದ್ದಲ ಎಬ್ಬಿಸುತ್ತವೆ. ಎಲ್‌ಇಡಿ ದೀಪಗಳ ಇಂಥದೇ ತೊಂದರೆ ಬಗ್ಗೆ ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಎಚ್ಚರಿಕೆ ಹೊರಡಿಸಿ, ಒಂದು ಸರಳ ಪರೀಕ್ಷೆಯನ್ನೂ ಹೇಳಿತ್ತು. ಅದನ್ನು ಇಲ್ಲಿಗೂ ಬಳಸಬಹುದು. ಎಲ್ಲ ಆರಿಸಿ, ರೇಡಿಯೋವನ್ನು ಸದ್ದಿಲ್ಲದ ಚಾನೆಲ್ಲಿಗೆ ಹಾಕಿ, ಗದ್ದಲ ತಡೆಯುವ ಸ್ಕ್ವೆಲ್ಚ್ ಗುಂಡಿ ತಿರುಗಿಸುತ್ತಾ ಭೋರ್ ಸದ್ದು ಈಗಷ್ಟೇ ನಿಂತ ಜಾಗಕ್ಕೆ ತನ್ನಿ. ಈಗ ಕನ್ವರ್ಟರ್ ಹಾಕಿ, ನಂತರ ಡಿಶ್, ನಂತರ ರೂಟರ್. ಯಾವುದನ್ನು ಹಾಕಿದಾಗ ಭೋರ್ ಮರಳಿತೋ ಅದೇ ಕಳ್ಳ. ಮದ್ದು: ಪಾಸಿಟಿವ್ ನೆಗೆಟಿವ್ ಎರಡನ್ನೂ ಹೆಣೆದು ಎಳೆಯುವುದು, ಕನ್ವರ್ಟರ್‌ನ ಎರಡೂ ತುದಿಗೆ ಗದ್ದಲ ಹೀರುವ ಮಿಕ್ಸ್ 43 ಫೆರೈಟ್ ಉಂಗುರ ಹಾಕುವುದು, ವಿಎಚ್‌ಎಫ್ ಕೇಬಲ್ಲಿನಿಂದ ಒಂದಡಿಯಾದರೂ ದೂರ ಇಡುವುದು. ಹೆಣೆದ ವೈರ್ ದಿಕ್ಸೂಚಿಯನ್ನೂ ಕಡಿಮೆ ಕೆಡಿಸುತ್ತದೆ.

ರೂಟರ್ ಕಡೆ ಬಂದರೆ, ಆರ್‌ಯುಟಿಎಕ್ಸ್11 9ರಿಂದ 50 ವೋಲ್ಟ್ ತಾಳುತ್ತದೆ. ಅದನ್ನು ನೇರ 12ರ ಮೇಲೆ ಬೇರೆ ಫ್ಯೂಸ್‌ನಲ್ಲಿಡಿ, ಡಿಶ್ ಆರಿಸಿದರೂ ಸಿಮ್ ಮೇಲೆ ಇಂಟರ್ನೆಟ್ ಇರುತ್ತದೆ. ಹೊರಗಿನ ಮೊಬೈಲ್ ಆಂಟೆನಾಕ್ಕೆ 9 ಮೀಟರ್ ಕೇಬಲ್ ಬೇಕಾದರೆ, 2 ಗಿಗಾಹರ್ಟ್ಸ್ ಹತ್ತಿರ ತೆಳ್ಳಗಿನ ಎಲ್‌ಎಂಆರ್-195 ಸುಮಾರು 5 ಡೆಸಿಬೆಲ್ ನುಂಗುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಖರ್ಚು. ಎಲ್‌ಎಂಆರ್-400 ಆದರೆ 2 ಡೆಸಿಬೆಲ್‌ನೊಳಗೆ, ಆದರೆ 10 ಮಿಲಿಮೀಟರ್ ದಪ್ಪದ ಎರಡು ಕೇಬಲ್ ಬಾಗಿಸುವುದು ತ್ರಾಸ. ರೂಟರನ್ನೇ ಆಂಟೆನಾ ಹತ್ತಿರ ಮೇಲಿಟ್ಟು ಕೆಳಕ್ಕೆ ಈಥರ್ನೆಟ್ ತರುವುದು ಜಾಣತನ. ಇದರಲ್ಲಿ ಮೊಬೈಲ್ ಕಿಂಡಿಗಳು ಎಸ್‌ಎಂಎ, ವೈಫೈ ಕಿಂಡಿಗಳು ಆರ್‌ಪಿ-ಎಸ್‌ಎಂಎ. ಮೊಬೈಲ್ ಕಿಂಡಿಗೆ ವೈಫೈ ಆಂಟೆನಾವನ್ನು ತಪ್ಪಾಗಿ ತಿರುಗಿಸಿದರೂ ಚೆನ್ನಾಗಿ ಕೂರುತ್ತದೆ, ಆದರೆ ನಡುವಿನ ಪಿನ್ ಮುಟ್ಟುವುದೇ ಇಲ್ಲ. ಸಿಗ್ನಲ್ ಒಂದೇ ಕಡ್ಡಿ ತೋರಿಸಿದರೆ ಮೊದಲು ಇದನ್ನು ನೋಡಿ.

ಸೆಟಿಂಗ್ ವಿಷಯ ಹೆಚ್ಚಿಲ್ಲ. ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಬೈಪಾಸ್ ಹಾಕಿ (ಡಿಶ್‌ನೊಳಗಿನ ರೂಟರ್ ಆರುತ್ತದೆ), ಈಥರ್ನೆಟ್ ಅನ್ನು ರೂಟರಿನ ವ್ಯಾನ್ (WAN, ಹೊರಗಿನ ಇಂಟರ್ನೆಟ್ ಬರುವ) ಕಿಂಡಿಗೆ ಕೊಡಿ, ಒಂದು ಕೈಕೊಟ್ಟರೆ ಇನ್ನೊಂದಕ್ಕೆ ಹೋಗುವ ಫೇಲೋವರ್‌ನಲ್ಲಿ ಸ್ಟಾರ್‌ಲಿಂಕ್ ಮೊದಲು, ಸಿಮ್ ಎರಡನೆಯದು. ಸಂಪರ್ಕ ಇದೆಯೇ ಎಂದು ನೋಡಲು 1.1.1.1, 8.8.8.8 ಎರಡಕ್ಕೂ ಪಿಂಗ್ ಇರಲಿ. ಡಿಶ್‌ನ ವಿವರ ಆಮೇಲೂ ಕಾಣಬೇಕಾದರೆ 192.168.100.1ಕ್ಕೆ ವ್ಯಾನ್ ಮೂಲಕ ದಾರಿ ತೋರಿಸಬೇಕು. ಹೊರಗಿನಿಂದ ಬೋಟಿನ ಕ್ಯಾಮೆರಾ ನೋಡಲು ಪೋರ್ಟ್ ತೆರೆಯುವುದು ಇಲ್ಲಿ ನಡೆಯುವುದಿಲ್ಲ, ಸಿಗುವ ಇಂಟರ್ನೆಟ್ ವಿಳಾಸ ಹಲವರು ಹಂಚಿಕೊಂಡದ್ದು; ವಿಪಿಎನ್ ಬೇಕು. 5 ಗಿಗಾಹರ್ಟ್ಸ್ ವೈಫೈಯನ್ನು 36ರಿಂದ 48ರೊಳಗಿನ ಚಾನೆಲ್ಲಿಗೆ ಕಟ್ಟಿಹಾಕಿ. ಆಟೋ ಬಿಟ್ಟರೆ ರೇಡಾರ್‌ಗೆ ದಾರಿ ಬಿಡಬೇಕಾದ ಚಾನೆಲ್ ಹಿಡಿದು ಮೀಟಿಂಗ್ ನಡುವೆ ಮಾಯವಾಗುತ್ತದೆ. ಸಿಮ್ ಯಾಕೆ ಬೇಕು ಎನ್ನುವವರಿಗೆ ಒಂದೇ ಉತ್ತರ: 2025ರ ಜುಲೈ 24ರಂದು ಸ್ಟಾರ್‌ಲಿಂಕ್ ಜಗತ್ತಿನಾದ್ಯಂತ ಸುಮಾರು ಎರಡೂವರೆ ಗಂಟೆ ನಿಂತುಹೋಗಿತ್ತು.

ಡಿಶ್‌ನ ನೋಟ 110 ಡಿಗ್ರಿ. ಚಪ್ಪಟೆಯಾಗಿ ಮೇಲ್ಮುಖವಾಗಿಟ್ಟರೆ ದಿಗಂತದಿಂದ 35 ಡಿಗ್ರಿಗಿಂತ ಮೇಲೆ ಏನಿದ್ದರೂ ಅಡ್ಡಿ. ಡೆಸೊಲೇಶನ್ ಸೌಂಡ್‌ನಲ್ಲಿ ನೀರು ಆಳ, ಜಾಗ ಕಿರಿದು. ಮುಂದೆ ಲಂಗರು ಹಾಕಿ ಹಿಂದಿನ ಹಗ್ಗವನ್ನು ದಡದ ಮರಕ್ಕೆ ಕಟ್ಟುವುದು ರೂಢಿ. ಡಿಶ್‌ಗಿಂತ 30 ಮೀಟರ್ ಎತ್ತರಕ್ಕೇರಿದ ಫರ್ ಮರಗಳಿದ್ದರೆ ಸುಮಾರು 43 ಮೀಟರ್ ದೂರವಿದ್ದರಷ್ಟೇ ಅವು ನೋಟದಿಂದ ಹೊರಗೆ. ಅಷ್ಟು ದೂರ ಅಲ್ಲಿ ಸಿಗುವುದಿಲ್ಲ, ಹಾಗಾಗಿ ಕೆಲವು ಸೆಕೆಂಡಿನ ಕಡಿತ ಆಗಾಗ ಇದ್ದೇ ಇರುತ್ತದೆ. ಮೇಲ್‌ಗೆ ತೊಂದರೆಯಿಲ್ಲ, ಬೆಂಗಳೂರಿಗೆ ವಿಡಿಯೋ ಕಾಲ್ ಮಾಡಿದರೆ ಅಮ್ಮನ ಮುಖ ಅಲ್ಲಲ್ಲಿ ನಿಲ್ಲುತ್ತದೆ. ಪ್ರಿನ್ಸೆಸ್ ಲೂಯಿಸಾ ಇನ್‌ಲೆಟ್‌ನ ಬಂಡೆಗೋಡೆಗಳ ನಡುವೆ ಇನ್ನೂ ಹೆಚ್ಚು. ಆ್ಯಪ್‌ನ ಅಡ್ಡಿ ನಕ್ಷೆಯನ್ನು ಲಂಗರಿನಲ್ಲಿ ನಂಬಬೇಡಿ, ಬೋಟು ಗಾಳಿಗೆ ತಿರುಗುತ್ತಾ ನಕ್ಷೆಯನ್ನು ಕಲಸಿಬಿಡುತ್ತದೆ. ಡಿಶ್ ರೇಡಾರ್‌ನ ಎದುರು ಬರದಿರಲಿ. ಸಣ್ಣ ರೇಡಾರ್‌ಗಳ ಕಿರಣ ಲಂಬವಾಗಿ ಸುಮಾರು 25 ಡಿಗ್ರಿ ಹರಡುತ್ತದೆ.

ಬ್ಯಾಟರಿ ಲೆಕ್ಕ ಕೊನೆಯದು. ಸರಾಸರಿ 30 ವಾಟ್ ಎಂದರೂ ದಿನಕ್ಕೆ 720 ವಾಟ್-ಗಂಟೆ, ಕನ್ವರ್ಟರ್ ನಷ್ಟ ಸೇರಿ 12 ವೋಲ್ಟ್‌ನಲ್ಲಿ ಸುಮಾರು 67 ಆಂಪಿಯರ್-ಗಂಟೆ. 220 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಧಾರಾಳವಾಗಿ ಬಳಸಬಹುದಾದ್ದು 110, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಯಿತು, ಫ್ರಿಜ್ ಇನ್ನೂ ಬಾಕಿ. ಕನ್ವರ್ಟರ್‌ನ ರಿಮೋಟ್ ಟರ್ಮಿನಲ್‌ಗೆ ಒಂದು ಸ್ವಿಚ್ ಹಾಕಿ ಮಲಗುವಾಗ ಆರಿಸಿದರೆ ಮೂರರಲ್ಲೊಂದು ಪಾಲು ಉಳಿಯುತ್ತದೆ. ಆ ಸ್ವಿಚ್ ಹಾಸಿಗೆಗೆ ಕೈಯಳತೆಯಲ್ಲಿರಲಿ, ಇಲ್ಲದಿದ್ದರೆ ಯಾರೂ ಎದ್ದು ಹೋಗಿ ಆರಿಸುವುದಿಲ್ಲ.

ಪ್ರತಿ ವಸಂತದಲ್ಲಿ ನೋಡಬೇಕಾದ್ದು ಇಷ್ಟು: ಡಿಶ್ ಪ್ಲಗ್ ಬಿಚ್ಚಿ ಹಸಿರುಗಟ್ಟಿದೆಯೇ, ಗ್ಲ್ಯಾಂಡ್‌ನ ರಬ್ಬರ್ ಬಿರಿದಿದೆಯೇ, ಫ್ಯೂಸ್ ಬ್ಲಾಕ್‌ನ ತಿರುಪುಗಳು ಕಂಪನಕ್ಕೆ ಸಡಿಲವಾಗಿವೆಯೇ, ಡಿಶ್ ಚಾಲೂ ಇದ್ದಾಗ ಮೇಲಿನ ತುದಿಯಲ್ಲಿ ಮಲ್ಟಿಮೀಟರ್ 23.5ಕ್ಕಿಂತ ಮೇಲೆ ತೋರಿಸುತ್ತಿದೆಯೇ. ಕಡಿಮೆ ತೋರಿಸಿದರೆ ಕನ್ವರ್ಟರ್‌ನಿಂದ ಒಂದೊಂದೇ ಜಾಯಿಂಟ್ ಅಳೆಯುತ್ತಾ ಮೇಲೆ ಹೋಗಿ. ಎಲ್ಲಿ ಇಳಿಕೆ ಹಠಾತ್ತನೆ ಜಾಸ್ತಿಯಾಯಿತೋ ಆ ಕ್ರಿಂಪ್ ಕತ್ತರಿಸಿ ಹೊಸದು ಹಾಕಿ.