ಕೊಳವೆಬಾವಿಯಲ್ಲಿ ಸಿಕ್ಕಿದ ಡೈನೋಸಾರ್ ಮೂಳೆ ಎಂದು ಮಾರಲು ಬರುವವರ ಬಗ್ಗೆ ಎಚ್ಚರವಿರಲಿ

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಶಾಲೆ-ಕಾಲೇಜುಗಳವರಿಗೆ ತಲುಪಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ವಿಜ್ಞಾನ ಕಲಿಸುವ ಪ್ರೌಢಶಾಲೆಗೆ ಕಾಣಿಕೆ ಕೊಡಲು ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ, ದಾವಣಗೆರೆಯ ವಸ್ತುಪ್ರದರ್ಶನವೊಂದರ ಮಳಿಗೆಯಿಂದ ಟ್ರೈಸೆರಾಟಾಪ್ಸ್ ಎಂಬ ಮೂರು ಕೊಂಬಿನ ಸಸ್ಯಾಹಾರಿ ಡೈನೋಸಾರಿನ ಕಾಲಿನ ಮೂಳೆಯೆಂದು ನಂಬಿ, 60,000 ರೂಪಾಯಿ ನಗದು ಕೊಟ್ಟು ಒಂದು ವಸ್ತುವನ್ನು ತಂದರು. ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ಕೊಳವೆಬಾವಿ ಕೊರೆಸುವಾಗ ಸಿಕ್ಕಿದ್ದು, ನಮ್ಮ ನೆಲದ ಆಸ್ತಿ ನಮ್ಮಲ್ಲೇ ಉಳಿಯಲಿ ಎಂದು ಮಾರಾಟಗಾರ ಹೇಳಿದನಂತೆ. ಹುಡುಗರ ಊರಭಿಮಾನವನ್ನೇ ಬಂಡವಾಳ ಮಾಡಿಕೊಂಡದ್ದು ಹಣ ಹೋದದ್ದಕ್ಕಿಂತ ಹೆಚ್ಚು ನೋವು ತಂದಿದೆ.

ಆ ಕಥೆ ಯಾವ ಕಡೆಯಿಂದ ನೋಡಿದರೂ ನಿಲ್ಲುವುದಿಲ್ಲ. ಕೊಳವೆಬಾವಿಯ ರಂಧ್ರ ಆರೂವರೆ ಅಂಗುಲ. ರಿಗ್ಗಿನ ಹ್ಯಾಮರ್ ಬಂಡೆಯನ್ನು ಪುಡಿ ಮಾಡಿ ಹೊರಗೆ ಚಿಮ್ಮಿಸುತ್ತದೆಯೇ ಹೊರತು, ತುದಿಯಲ್ಲಿ ಒಂದಡಿ ಅಗಲವಿರುವ ಮೂಳೆಯನ್ನು ಇಡಿಯಾಗಿ ಮೇಲೆತ್ತುವುದಿಲ್ಲ. ಚಿತ್ರದುರ್ಗದ ಶಿಲಾಪಟ್ಟಿಯ ಬಂಡೆಗಳು ಸುಮಾರು 250 ಕೋಟಿ ವರ್ಷಗಳಿಗೂ ಹಳೆಯವು. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳನ್ನು ನೋಡಲು ನಾವು ಮಕ್ಕಳನ್ನು ಕರೆದೊಯ್ಯುವುದೂ ಆ ಪ್ರಾಚೀನತೆಯನ್ನು ತೋರಿಸಲೆಂದೇ. ಆಗ ಭೂಮಿಯ ಮೇಲೆ ಮೂಳೆಯಿರುವ ಜೀವಿಯೇ ಇರಲಿಲ್ಲ. ಟ್ರೈಸೆರಾಟಾಪ್ಸ್ ಬದುಕಿದ್ದು 6.8ರಿಂದ 6.6 ಕೋಟಿ ವರ್ಷಗಳ ಹಿಂದೆ, ಅದೂ ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ. 1889ರಲ್ಲಿ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಮಾರ್ಷ್ ಅದಕ್ಕೆ ಹೆಸರಿಟ್ಟದ್ದು ಅಲ್ಲಿಯ ಪಳೆಯುಳಿಕೆಗಳನ್ನು ನೋಡಿಯೇ. ಗುಜರಾತಿನಲ್ಲಿ ಸಿಕ್ಕ ರಾಜಾಸಾರಸ್ ಎಂಬ ಡೈನೋಸಾರಿನ ನೆತ್ತಿಯ ಮೇಲೂ ಕೊಂಬಿನಂಥ ಉಬ್ಬು ಇತ್ತು ನಿಜ, ಆದರೆ ಅದು ಮಾಂಸಾಹಾರಿ.

ವಸ್ತುವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಉದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ಗೆರೆ ಕಂಡಿತು. ಅದು ಎರಡು ಅಚ್ಚುಗಳು ಕೂಡಿದ ಗುರುತು. ಬಣ್ಣ ಎದ್ದಿದ್ದ ಕಡೆ ಗುಂಡು ಗುಂಡಾದ ಗಾಳಿಗುಳ್ಳೆಗಳಿದ್ದವು. ಕಾಯಿಸಿದ ಸೂಜಿಯನ್ನು ಒತ್ತಿದೊಡನೆ ಸೂಜಿ ಒಳಗಿಳಿದು, ಸುಟ್ಟ ಪ್ಲಾಸ್ಟಿಕ್ಕಿನ ಘಾಟು ಬಂದಿತು. ನಿಜವಾದ ಪಳೆಯುಳಿಕೆ ಕಲ್ಲಾಗಿರುವುದರಿಂದ ಸೂಜಿ ಇಳಿಯುವುದಿಲ್ಲ. ಅದರ ಮುರಿದ ತುದಿಯಲ್ಲಿ ಹೊರಗೆ ಒತ್ತಾದ ಪದರ, ಒಳಗೆ ಒಂದಕ್ಕೊಂದು ಹೆಣೆದುಕೊಂಡ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಆದರೆ ನಿಜವಾದ ಚೂರುಗಳನ್ನು ಪ್ಲಾಸ್ಟರಿನಲ್ಲಿ ಕೂರಿಸಿ ಇಡೀ ಮೂಳೆಯೆಂದು ಮಾರುವವರೂ ಇರುವುದರಿಂದ, ಒಂದೇ ಕಡೆ ಪರೀಕ್ಷಿಸಿದರೆ ಸಾಲದು.

ಮಾರಾಟಗಾರ ಕೊಟ್ಟ ಪ್ರಮಾಣಪತ್ರದಲ್ಲಿ ಬಂಗಾರದ ಬಣ್ಣದ ಮೊಹರು ಇದೆ, ಸಿಕ್ಕ ಜಾಗದ ಹೆಸರಿಲ್ಲ. ಟ್ರೈಸೆರಾಟಾಪ್ಸ್ ಮೂಳೆಗಳು ಸಿಗುವ ಅಮೆರಿಕದಲ್ಲಿ ಖಾಸಗಿ ಜಮೀನಿನಲ್ಲಿ ದೊರೆತ ಪಳೆಯುಳಿಕೆಯನ್ನು ಮಾಲೀಕರ ಒಪ್ಪಿಗೆಯಿಂದ ಮಾರಬಹುದು. ಅಲ್ಲಿಯ ಒಕ್ಕೂಟ ಸರ್ಕಾರದ ನೆಲದಿಂದ ಇಂಥ ಮೂಳೆ ತೆಗೆಯಲು 2009ರ ಕಾಯ್ದೆಯಂತೆ ಪರವಾನಗಿ ಬೇಕು, ತೆಗೆದರೂ ಮಾರುವಂತಿಲ್ಲ. ಆದ್ದರಿಂದ ಎಲ್ಲಿಯ ಜಮೀನು, ಯಾವ ಶಿಲಾಸ್ತರ, ಯಾರ ಒಪ್ಪಿಗೆ ಎಂಬುದನ್ನು ಬರೆದು ಕೊಡದವರಿಂದ ಏನನ್ನೂ ಕೊಳ್ಳಬೇಡಿ. ಅಚ್ಚಿನ ಪ್ರತಿಕೃತಿ ಪಾಠಕ್ಕೆ ತುಂಬ ಉಪಯುಕ್ತ, ವಸ್ತುಸಂಗ್ರಹಾಲಯಗಳೂ ಅದನ್ನು ಬಳಸುತ್ತವೆ. ಅದನ್ನು ಪ್ರತಿಕೃತಿಯೆಂದೇ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಬೇಕು, ಅಷ್ಟೇ.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಮಾರಾಟಗಾರನ ಫೋನ್ ಸ್ವಿಚ್ ಆಫ್ ಆಗಿದೆ. ನಿಮ್ಮ ಶಾಲೆಗೂ ಇಂಥವರು ಬಂದರೆ, ಹಣದ ಮಾತಿಗೆ ಮೊದಲು ಹತ್ತಿರದ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರಿಗೆ ವಸ್ತುವನ್ನು ತೋರಿಸಿ, ಕೊಳವೆಬಾವಿ ಇರುವ ಜಮೀನಿನ ಸರ್ವೆ ನಂಬರನ್ನು ಮಾರಲು ಬಂದವರ ಕೈಯಲ್ಲೇ ಬರೆಸಿಕೊಳ್ಳಿ.