1/48 ಸ್ಪಿಟ್‌ಫೈರ್ ಎಂಕೆ.1: ತಮಿಯಾ ತಗೊಳ್ಳೋದಾ, ಎಡುವರ್ಡ್ ತಗೊಳ್ಳೋದಾ?

ಸ್ಪಿಟ್‌ಫೈರ್ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ, ಎಂಕೆ.1 ಅದರ ಮೊದಲ ಆವೃತ್ತಿ. ಅದನ್ನು ನಿಜ ಅಳತೆಯ 48ನೇ ಒಂದು ಭಾಗಕ್ಕೆ ಇಳಿಸಿ, ಮನೆಯಲ್ಲೇ ಜೋಡಿಸುವ ಪ್ಲಾಸ್ಟಿಕ್ ಮಾದರಿ ಕಿಟ್ ಆಗಿ ತಮಿಯಾ, ಎಡುವರ್ಡ್ ಎಂಬ ಎರಡು ಕಂಪನಿಗಳು ತಂದಿವೆ. ಎರಡೂ ಹೊಸ ಅಚ್ಚಿನವು: ತಮಿಯಾದು 2018ರದ್ದು, ಎಡುವರ್ಡ್‌ದು 2020ರದ್ದು. ತಮಿಯಾ ಕೊಳ್ಳುವವರು ಡಬ್ಬದ ಸಂಖ್ಯೆ 61119 ಇದೆಯೇ ನೋಡಿಕೊಳ್ಳಿ. 61032 ಎಂದಿದ್ದರೆ ಅದು 1993ರ ಹಳೇ ಅಚ್ಚು.

ಜೋಡಣೆಯಲ್ಲಿ ತಮಿಯಾಗೆ ಸಾಟಿಯಿಲ್ಲ. ಆದರೆ ಆ ಬಿಗಿಯೇ ಕೆಲವೊಮ್ಮೆ ಕಾಟ. ಕಾಕ್‌ಪಿಟ್ ಭಾಗಗಳ ಅಂಟುವ ಅಂಚಿಗೆ ಬಣ್ಣ ತಾಗಿದ್ದರೆ ಆ ತೆಳು ಪದರಕ್ಕೇ ಫ್ಯೂಸಲಾಜ್ (ವಿಮಾನದ ಒಡಲು) ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅಂಟಿಸುವ ಮುಂಚೆ ಬ್ಲೇಡಿನಿಂದ ಕೆರೆದು ತೆಗೆಯಬೇಕು.

ಎಡುವರ್ಡ್‌ನ ಆಕರ್ಷಣೆ ಅದರ ಮೈತುಂಬ ಇರುವ ಸಣ್ಣ ರಿವೆಟ್ ಸಾಲುಗಳು. ಬಣ್ಣಕ್ಕೂ ಮುಂಚಿನ ತಳಕೋಟ್ ಆದ ಪ್ರೈಮರ್ ದಪ್ಪಗೆ ಹೊಡೆದರೆ ಅವು ಮುಚ್ಚಿಹೋಗುತ್ತವೆ. ತೆಳುವಾಗಿ ಎರಡು ಕೋಟ್ ಹೊಡೆಯಿರಿ. ಎಡುವರ್ಡ್‌ನ ಹೆಚ್ಚು ಭಾಗಗಳ ಆವೃತ್ತಿಯಾದ ಪ್ರೊಫಿಪ್ಯಾಕ್ ಡಬ್ಬದಲ್ಲಿ ಬಣ್ಣ ಹಚ್ಚಿದ ಲೋಹದ ಫೋಟೋ-ಎಚ್ ಭಾಗಗಳೂ (ರಾಸಾಯನಿಕದಿಂದ ಕೊರೆದ ತೆಳು ತಗಡಿನ ಸಣ್ಣ ಭಾಗಗಳು) ಕತ್ತರಿಸಿಟ್ಟ ಕ್ಯಾನಪಿ ಮಾಸ್ಕೂ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳಕ್ಕೆ ಬಣ್ಣ ತಾಗದಂತೆ ಅಂಟಿಸುವ ಪಟ್ಟಿ) ಸಿಗುತ್ತವೆ. ಲೋಹಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯದು, ಸೂಪರ್ ಗ್ಲೂ ಬೇಕು. ಸೀಟ್ ಬೆಲ್ಟ್ ಬಗ್ಗಿಸುವಾಗ ಬಣ್ಣ ಉದುರುವುದೂ ಉಂಟು. ಎಡುವರ್ಡ್‌ನದೇ ಸರಳ ಆವೃತ್ತಿಯಾದ ವೀಕೆಂಡ್ ಡಬ್ಬ ಅಗ್ಗ, ಆದರೆ ಅದರಲ್ಲಿ ಫೋಟೋ-ಎಚ್ ಇಲ್ಲ.

ಮೊದಲ ಸ್ಪಿಟ್‌ಫೈರ್ ಆದರೆ ಕಣ್ಣು ಮುಚ್ಚಿ ತಮಿಯಾ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಪಳಗಿದೆ, ಚಿಮುಟ ಹಿಡಿದು ಕೂರುವ ತಾಳ್ಮೆಯೂ ಇದೆ ಅನ್ನುವವರಿಗೆ ಪ್ರೊಫಿಪ್ಯಾಕ್. ಶೆಲ್ಫಿನಲ್ಲಿ ಎರಡಕ್ಕೂ ಬೇಕಾಗುವುದು ಸುಮಾರು 23 ಸೆಂ.ಮೀ. ಅಗಲದ ಜಾಗ.